ಎದೆಯೊಳಗಿನ ಬಾವು

ಭಾಗ್ಯನಗರ, ಕೊಪ್ಪಳ
೧೨ ನವೆಂಬರ್ ೨೦೨೫

ರುದ್ರೇಶ ಅವರಿಗೆ ಶಾಂಭವಿಯ ನಮಸ್ಕಾರ.

ಗಂಡನಿಗೆ ಹೀಗೆ ಹೆಸರು ಹಿಡಿದು ಬರೆಯುವ ರೂಢಿ ನನಗಿಲ್ಲ, ನಿಮಗೆ ಗೊತ್ತು. 'ಪ್ರೀತಿಯ' ಎಂದು ಶುರು ಮಾಡಿದ್ದೆ. ಮುಂದೆ ಕೈ ಓಡಲಿಲ್ಲ, ಆ ಹಾಳೆ ಹರಿದು ಬೇರೆ ತೆಗೆದುಕೊಂಡೆ. ಕ್ಷೇಮ ಕೇಳಬೇಡಿ. ಈ ಹೊತ್ತು ಲಲಿತಕ್ಕನ ಮನೆಯ ಮಾಳಿಗೆ ಮೆಟ್ಟಿಲನ್ನು ನಡುವೆ ಕೂಡದೆ ಹತ್ತಿದೆ. ಅಷ್ಟರ ಮಟ್ಟಿಗೆ ಕ್ಷೇಮ.

ಮೊನ್ನೆ ಭಾನುವಾರ ನಿಮ್ಮ ಹಂಪಣ್ಣ ಕಾಕಾ ಕುಷ್ಟಗಿಯಿಂದ ಬಂದಿದ್ದರು. ಒಂದು ಚೀಲ ದಾಳಿಂಬೆ ತಂದಿದ್ದರು. ಹಿರಿಯರು, ಬಹಳ ಹೊತ್ತು ಹವೆಯ ಮಾತು, ಮಳೆಯ ಮಾತು ಆಡಿದರು. ಆಮೇಲೆ, "ಶಾಂಭವಿ, ಗಂಡ ಹೆಂಡತಿ ಅಂದಮ್ಯಾಲ ಒಂದು ಮಾತು ಬರತೈತಿ, ಹೋಗತೈತಿ. ಮನಿಗೆ ಬಾರವ್ವ, ಅವ ಸೊರಗ್ಯಾನ" ಎಂದರು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಅವರು ಇನ್ನೊಂದು ಮಾತು ಹೇಳಿದರು: "ಆದ್ರೂ ನೀ ಅಕ್ಕನ ಮಾತು ಕೇಳಿ ಅಂಥಾ ಔಷಧ ಬಿಡಬಾರದಿತ್ತು ನೋಡು. ಆ ಸ್ಕ್ಯಾನ್ ಮಾಡಸದಿದ್ರ ಇಷ್ಟೊತ್ತಿಗೆ ಅರಾಮ ಆಗತಿದ್ಲು ಅಂತ ರುದ್ರೇಶ ಕಣ್ಣೀರು ಹಾಕತಾನ."

ನೀವು ಹಾಗೆ ಹೇಳಿಕೊಂಡು ತಿರುಗುತ್ತಿದ್ದೀರಿ ಎಂದು ಅಲ್ಲಿಯವರೆಗೆ ನನಗೆ ತಿಳಿದಿರಲಿಲ್ಲ. ಅದಕ್ಕೇ ಈ ಕಾಗದ. ಫೋನಿನಲ್ಲಾದರೆ ನೀವು ಅಳುತ್ತೀರಿ, ನಾನು ಸಮಾಧಾನ ಮಾಡಬೇಕಾಗುತ್ತದೆ.

ನೀವು ಮಾಡಿದ್ದನ್ನು ನಾನು ಮರೆತಿಲ್ಲ. ಕ್ಯಾನ್ಸರ್ ಗಂಟಿದ್ದ ನನ್ನ ಕಿಡ್ನಿ ತೆಗೆದಾಗ ಬೀಜ-ಗೊಬ್ಬರದ ಅಂಗಡಿಗೆ ಬೀಗ ಹಾಕಿ, ಹುಬ್ಬಳ್ಳಿಯ ಆಸ್ಪತ್ರೆಯ ಕಾರಿಡಾರಿನಲ್ಲಿ ಟವೆಲ್ ಹಾಸಿಕೊಂಡು ಮಲಗಿದವರು ನೀವು. ಆಮೇಲೆ ಶ್ವಾಸಕೋಶದಲ್ಲಿ ಮೂರು ಚುಕ್ಕೆ ಕಂಡವು ಎಂದಾಗ ನನಗಿಂತ ಮೊದಲು ಕುಸಿದು ಕುಳಿತವರೂ ನೀವೇ. ಮಕ್ಕಳಿಲ್ಲದ ಮನೆ, ಒಬ್ಬರಿಗೊಬ್ಬರು ಬಿಟ್ಟರೆ ಯಾರಿದ್ದಾರೆ ಎಂದು ಕಾರಿನಲ್ಲಿ ದಾರಿಯುದ್ದಕ್ಕೂ ಹೇಳಿದಿರಿ. ಇಮ್ಯುನೋಥೆರಪಿ ಶುರುವಾದ ದಿನ ಡಾಕ್ಟರಮ್ಮ ನಮ್ಮಿಬ್ಬರನ್ನೂ ಎದುರಿಗೆ ಕೂಡಿಸಿಕೊಂಡು ಹೇಳಿದ್ದರಲ್ಲ, ಈ ಔಷಧ ತಾನಾಗಿ ಕ್ಯಾನ್ಸರನ್ನು ಕೊಲ್ಲುವುದಿಲ್ಲ, ನಮ್ಮ ಮೈಯ ನಿರೋಧಕ ಶಕ್ತಿಗೇ ಹಾಕಿದ ತಡೆ ತೆಗೆಯುತ್ತದೆ, ಆ ಶಕ್ತಿ ಎಲ್ಲೋ ಕೆಲವರಲ್ಲಿ ಗಂಟನ್ನು ಬಿಟ್ಟು ಹೃದಯದ ಮೇಲೇ ತಿರುಗಿಬೀಳುತ್ತದೆ ಎಂದು. "ದಮ್ಮು ಹತ್ತಿದ್ರ, ಎದಿ ಬಿಗಿದ್ರ, ರೆಪ್ಪಿ ಜೋತುಬಿದ್ರ ಆ ಕ್ಷಣ ಫೋನ್ ಮಾಡ್ರಿ, ಕಾಯಬ್ಯಾಡ್ರಿ" ಎಂದರು. ನಂಬರನ್ನು ನಿಮ್ಮ ಫೋನಿಗೆ ಹಾಕಿಕೊಂಡಿರಿ. ನಾನು ಇಡಲೇ ಇಲ್ಲ. ನೀವಿದ್ದಿರಲ್ಲ.

ಈ ಔಷಧಕ್ಕೆ ಕೂದಲು ಉದುರುವುದಿಲ್ಲ. ನಿಮ್ಮ ಮನೆಯಲ್ಲಿ ಅದೇ ನನಗೆ ಮುಳುವಾಯಿತು. ಜಡೆ ಹಾಗೇ ಇದೆ, ಮೈಕೈ ತುಂಬಿಕೊಂಡಿದೆ, ಇವಳಿಗೆಂಥ ಕ್ಯಾನ್ಸರ್? ಈ ಔಷಧದ ಎರಡನೆಯ ಸಲಾಯಿನ್ ಏರಿಸಿದ ಮೇಲೆ ತೊಡೆಗಳು ನೋಯತೊಡಗಿದವು. ನಿಮ್ಮ ತಂಗಿಯ ಮಗಳ ನಿಶ್ಚಯ ಹತ್ತಿರ ಬಂದಿತ್ತು. ನಮ್ಮ ಮನೆಯಲ್ಲೇ ಕಾರ್ಯ. ಹೋಳಿಗೆಯ ಹೂರಣ ತಿರುವಲು ಕೂತವಳಿಗೆ ಏಳಲಾಗಲಿಲ್ಲ. ಬಲಗಣ್ಣಿನ ರೆಪ್ಪೆ ಇಳಿದಿತ್ತು. ಅತ್ತೆ ಶೇಖರಮ್ಮನವರು, "ಕೆಲಸ ಬಂದಕೂಡ್ಲೆ ಇಕಿಗೆ ನಿದ್ದಿ ಬರತಾವ" ಎಂದು ನೆಂಟರ ಮುಂದೆ ನಕ್ಕರು. ಅವರನ್ನು ನಾನು ದೂರುವುದಿಲ್ಲ, ಡಾಕ್ಟರಮ್ಮನ ಮಾತು ಅವರು ಕೇಳಿರಲಿಲ್ಲ. ನೀವು ಕೇಳಿದ್ದಿರಿ.

ನಾನು ನಿಮ್ಮನ್ನು ಒಳಗೆ ಕರೆದು, "ದಮ್ಮು ಹತ್ತಾಕತ್ತೈತ್ರಿ, ಎದಿ ಮ್ಯಾಲ ಕಲ್ಲಿಟ್ಟಂಗ ಆಗತೈತಿ, ಡಾಕ್ಟರಮ್ಮಗ ಫೋನ್ ಹಚ್ಚರಿ" ಎಂದೆ. ನೀವು ಫೋನ್ ಹಿಡಿದು ಹಿತ್ತಿಲಿಗೆ ಹೋದಿರಿ. ಕಿಟಕಿಯಿಂದ ನಿಮ್ಮ ಬೆನ್ನು ಕಾಣುತ್ತಿತ್ತು. ಬಂದು, "ಮಾತಾಡಿದ್ನಿ. ಗ್ಯಾಸ್ ಇದ್ದೀತು, ಗುಳಗಿ ತಗೋಳಾಕ ಹೇಳ್ರಿ, ಮುಂದಿನ ಸಲಾಯಿನ್‌ಗೆ ಬಂದಾಗ ನೋಡೋಣು ಅಂದ್ರು" ಎಂದಿರಿ. ನಾನು ಗುಳಗಿ ನುಂಗಿದೆ. ಮರುದಿನವೂ ನುಂಗಿದೆ. ದಿಂಬಿಗೆ ಒರಗಿ ಕೂತೇ ನಿದ್ದೆ ಮಾಡಿದೆ. ಡಾಕ್ಟರೇ ಹೇಳಿದ್ದಾರಲ್ಲ ಎಂದು ನನ್ನ ಎದೆಗೆ ನಾನೇ ಸಮಾಧಾನ ಹೇಳಿದೆ.

ನಿಶ್ಚಯದ ಹಿಂದಿನ ದಿನ ಲಲಿತಕ್ಕ ಬಂದಳು. ನನ್ನ ಕಣ್ಣು ನೋಡಿದಳು, ಕೈ ಹಿಡಿದು ನೋಡಿದಳು, ಕಾರ್ಯಕ್ಕೆ ತಂದ ಸೀರೆಯ ಗಂಟನ್ನು ಕೆಳಗೆ ಇಡಲೇ ಇಲ್ಲ. "ಕಾರ್ಯ ಮುಗದಮ್ಯಾಲ ತೋರಿಸಿದ್ರಾತು" ಎಂದು ನೀವು ಅಡ್ಡ ನಿಂತಿರಿ. "ಇಕಿ ಉಳದ್ರ ನಿಮ್ಮ ಕಾರ್ಯ" ಎಂದು ಅಕ್ಕ ನನ್ನನ್ನು ತನ್ನ ಕಾರಿನಲ್ಲಿ ಕೂಡಿಸಿಕೊಂಡಳು. ಹಿಟ್ನಾಳ ದಾಟುವಾಗ ನನಗೆ ಕಣ್ಣು ಕತ್ತಲೆ ಬಂತು. ಕೊಪ್ಪಳದಲ್ಲಿ ಇಸಿಜಿ ತೆಗೆದ ಡಾಕ್ಟರು ಹೃದಯದ ಬಡಿತ ದಾರಿ ತಪ್ಪಿದೆ ಎಂದವರೇ ಆಂಬುಲೆನ್ಸ್ ಹತ್ತಿಸಿ ಹುಬ್ಬಳ್ಳಿಗೆ ಕಳಿಸಿದರು.

ಹುಬ್ಬಳ್ಳಿಯಲ್ಲಿ ಎಕೋ ಮಾಡಿದರು. ಹೃದಯ ಸರಿಯಾಗಿಯೇ ಬಡಿಯುತ್ತಿದೆ ಎಂದು ಬಂತು. ಅಕ್ಕ ನಿಮಗೆ ತಿಳಿಸಿದಾಗ ನೀವು ಏನಂದಿರಿ ನೆನಪಿದೆಯೇ? "ನಾ ಹೇಳಿದ್ನಿಲ್ಲ? ಕರಕೊಂಡು ಬರ್ರಿ." ಆದರೆ ರಕ್ತದ ಪರೀಕ್ಷೆಯಲ್ಲಿ ಹೃದಯಕ್ಕೆ ಪೆಟ್ಟಾಗಿರುವ ಗುರುತಿತ್ತು. ಡಾಕ್ಟರಮ್ಮ ಸ್ಟೀರಾಯ್ಡ್ ಆಗಲೇ ಶುರು ಮಾಡಿಸಿದರು. "ಎಕೋದಾಗ ಹೃದಯ ಹೆಂಗ ಬಡೀತೈತಿ ಅನ್ನೂದು ಕಾಣತೈತಿ. ಅದರ ಮಾಂಸದಾಗ ಬಾವು ಬಂದೈತೇನು ಅನ್ನೂದು ಎಂಆರ್‌ಐದಾಗ ಕಾಣತೈತ್ರಿ" ಎಂದರು.

ಆ ಕೊಳವೆಯೊಳಗೆ ಮಲಗಿಸಿದಾಗ ಕಿವಿಯ ಪಕ್ಕದಲ್ಲಿ ಯಾರೋ ಕಬ್ಬಿಣ ಬಡಿದಂತೆ ಸದ್ದು. ನಡುನಡುವೆ ಒಂದು ದನಿ, "ಉಸಿರು ತಗೋರಿ, ಬಿಡ್ರಿ, ಹಂಗ ಹಿಡೀರಿ." ಇರುವ ಉಸಿರೇ ಸಾಲದವಳು ಹಿಡಿಯುವುದೆಂತು? ಆಗದೆ ಬಿಟ್ಟಾಗಲೆಲ್ಲ ಚಿತ್ರ ಕೆಡುತ್ತಿತ್ತು, ಮತ್ತೆ ಮೊದಲಿನಿಂದ. ಅಳಬೇಕೆನಿಸಿತು. ಅತ್ತರೆ ಎದೆ ಅಲುಗುತ್ತದೆ, ಇನ್ನೊಮ್ಮೆ ತೆಗೆಯಬೇಕಾಗುತ್ತದೆ ಎಂದು ಅಳಲಿಲ್ಲ. ಆಮೇಲೆ ಕೈಯ ನರಕ್ಕೆ ಬಣ್ಣದ ಔಷಧ ಹಾಕಿ ಮತ್ತೆ ತೆಗೆದರು.

ಸಂಜೆ ಡಾಕ್ಟರಮ್ಮ ನನ್ನ ಮಂಚದ ಪಕ್ಕ ಕೂತು ಚಿತ್ರ ತೋರಿಸಿದರು. ಹೃದಯದ ಗೋಡೆ ಪೂರ್ತಿ ಕಪ್ಪಗೆ ಕಾಣಬೇಕಂತೆ. ನನ್ನದರ ಹೊರ ಅಂಚಿನಲ್ಲಿ ಸುಣ್ಣ ಹಚ್ಚಿದಂತೆ ಬಿಳಿ ಪಟ್ಟೆ. ಅದೇ ಬಾವು. ಮೂರನೆಯ ಸಲಾಯಿನ್ ಒಳಗೆ ಹೋಗಿದ್ದರೆ ಎಂದು ಶುರು ಮಾಡಿದವರು ಮಾತು ಮುಗಿಸಲಿಲ್ಲ. ಈ ಔಷಧ ಇನ್ನು ಜನ್ಮದಲ್ಲಿ ನನಗೆ ಕೊಡುವಂತಿಲ್ಲ ಎಂದರು. ನಿಲ್ಲಿಸಿದವಳು ನಾನಲ್ಲ, ಅಕ್ಕನೂ ಅಲ್ಲ. ಹಂಪಣ್ಣ ಕಾಕಾಗೆ ಇಷ್ಟನ್ನಾದರೂ ನೀವು ಹೇಳಬಹುದಿತ್ತು.

ಅಕ್ಕ ಆಗ ಕೆಳಗೆ ಔಷಧಿ ಅಂಗಡಿಗೆ ಹೋಗಿದ್ದಳು. ಡಾಕ್ಟರಮ್ಮ, "ಇಷ್ಟು ದಿವಸ ಯಾಕ ಸುಮ್ಮನಿದ್ರಿ?" ಎಂದು ಕೇಳಿದರು. ಅದರಲ್ಲಿ ಸಿಟ್ಟೂ ಇತ್ತು. "ನಮ್ಮವರು ಫೋನ್ ಮಾಡಿದ್ರಲ್ರಿ, ನೀವ ಗ್ಯಾಸ್ ಅಂದ್ರಂತ" ಎಂದೆ. ಅವರು ನರ್ಸನ್ನು ಕರೆದು ವಿಚಾರಿಸಿದರು. ಮತ್ತೆ ನನ್ನ ಕಡೆ ತಿರುಗಿ, ದನಿ ತಗ್ಗಿಸಿ, "ನಮಗ ಯಾವ ಫೋನೂ ಬಂದಿಲ್ರೀ ಅಮ್ಮಾ" ಎಂದರು.

ಆ ಬಿಳಿ ಪಟ್ಟೆ ನೋಡಿದಾಗ ನನಗೆ ಅಷ್ಟು ಹೆದರಿಕೆ ಆಗಿರಲಿಲ್ಲ.

ನೀವು ನಿಶ್ಚಯ ಮುಗಿಸಿಕೊಂಡು ಬಂದಿರಿ. ಅಂಗಿಯ ಮೇಲೆ ಕುಂಕುಮದ ಕಲೆ ಇನ್ನೂ ಇತ್ತು. ಕೇಳಿದೆ. ನೀವು ಸುಳ್ಳನ್ನು ಮುಂದುವರಿಸಲಿಲ್ಲ, ಅದೊಂದು ಉಪಕಾರ. "ಹೇಳಿದ್ರ ಔಷಧ ನಿಲ್ಲಸ್ತಾರಂತ ಅಂಜಿದ್ನಿ ಶಾಂಭವಿ. ಅದೊಂದ ಉಳದಿತ್ತಲ್ಲ ನಮಗ" ಎಂದು ಮಂಚದ ಕಂಬಿ ಹಿಡಿದು ಅತ್ತಿರಿ. ಅವತ್ತಿನಿಂದ ಆ ಮಾತನ್ನು ತಿರುವಿ ತಿರುವಿ ನೋಡುತ್ತಿದ್ದೇನೆ. ಒಮ್ಮೊಮ್ಮೆ ಅದು ಪ್ರೀತಿಯ ಹಾಗೆಯೇ ಕಾಣುತ್ತದೆ. ಒಮ್ಮೊಮ್ಮೆ ಕಾರ್ಯ ಇಟ್ಟುಕೊಂಡ ಮನೆಯ ಯಜಮಾನನ ಮಾತಿನ ಹಾಗೆ ಕಾಣುತ್ತದೆ. ಯಾವುದಾದರೇನು, ಅಂಜಿದ್ದು ನೀವು; ದಮ್ಮು ಹತ್ತಿದ್ದು ನನಗೆ. ನನ್ನ ಎದೆಯೊಳಗೆ ಏನಾಗುತ್ತಿದೆ ಎಂದು ನನಗೆ ತಿಳಿಯಬಾರದು ಎಂದು ನೀವೊಬ್ಬರೇ ಹಿತ್ತಿಲಲ್ಲಿ ನಿಂತು ತೀರ್ಮಾನ ಮಾಡಿದಿರಿ.

ಈಗಿನ ಸ್ಥಿತಿ ಕೇಳಿ, ನಿಮಗೂ ತಿಳಿದಿರಲಿ. ಹೃದಯದ ಬಾವು ಇಳಿದಿದೆ, ಎರಡನೆಯ ಎಂಆರ್‌ಐನಲ್ಲಿ ಸಣ್ಣ ಕಲೆಯಷ್ಟೇ ಉಳಿದಿದೆ. ಸ್ಟೀರಾಯ್ಡಿನಿಂದ ಮುಖ ಹರಿವಾಣದಂತೆ ಊದಿದೆ. ಶ್ವಾಸಕೋಶದ ಮೂರು ಚುಕ್ಕೆಗಳಲ್ಲಿ ಎರಡು ಮಾಯವಾಗಿವೆ. ಮೂರನೆಯದು ಬೆಳೆಯುತ್ತಿದೆ. ಸೋಮವಾರದಿಂದ ಬೇರೆ ಗುಳಿಗೆ. ಔಷಧ ನಡೆದಿದ್ದರೆ ಅದೂ ಹೋಗುತ್ತಿತ್ತೇನೋ ಎಂದು ನಿಮಗೆ ಅನಿಸಬಹುದು. ನನಗೂ ಅನಿಸುತ್ತದೆ. ಹಾಗೆ ಅನಿಸಿದಾಗ, ಆ ಹೊತ್ತಿಗೆ ನಾನೇ ಇರುತ್ತಿರಲಿಲ್ಲ ಎಂದು ನೆನಪು ಮಾಡಿಕೊಳ್ಳುತ್ತೇನೆ. ಒಂದನ್ನು ಉಳಿಸಲು ಇನ್ನೊಂದನ್ನು ಬಿಡಬೇಕಾಯಿತು. ಈ ಲೆಕ್ಕದಲ್ಲಿ ಯಾರಿಗೂ ಪೂರ್ತಿ ಸಿಗುವುದಿಲ್ಲ.

ಮನೆಗೆ ನಾನು ಬರುವುದಿಲ್ಲ. ಸಿಟ್ಟಿನಿಂದ ಅಲ್ಲ, ಸಿಟ್ಟು ಇದ್ದರೂ ಅದರಿಂದ ಅಲ್ಲ. ನಾಳೆ ಮತ್ತೆ ದಮ್ಮು ಹತ್ತಿದರೆ, ನೀವು ಫೋನ್ ಹಿಡಿದು ಹೊರಗೆ ಹೋದರೆ, ನಾನು ಒಳಗೆ ನೆಮ್ಮದಿಯಿಂದ ಕೂಡಲಾರೆ. ಅಷ್ಟೇ. ಕಪಾಟಿನಲ್ಲಿರುವ ನನ್ನ ಸ್ವೆಟರನ್ನು ಯಾರ ಕೈಯಲ್ಲಾದರೂ ಕಳಿಸಿ, ಇಲ್ಲಿ ಬೆಳಗಿನ ಥಂಡಿ ಶುರುವಾಗಿದೆ. ನಿಮ್ಮ ಬಿಪಿ ಗುಳಿಗೆ ತಪ್ಪಿಸಬೇಡಿ. ಅತ್ತೆಯವರಿಗೆ ನಮಸ್ಕಾರ ತಿಳಿಸಿ.

ಇಂತಿ,
ಶಾಂಭವಿ

ತಾ.ಕ.: ಫೋನಿನ ಸಂಗತಿ ಡಾಕ್ಟರಮ್ಮನನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಲಲಿತಕ್ಕ ಕೆಳಗಿನಿಂದ ಬಂದು ಕೇಳಿದಾಗ, "ಅವರು ಹಚ್ಚಿದ್ರಂತ, ಲೈನ್ ಸಿಗಲಿಲ್ಲಂತ" ಎಂದೆ. ಹಂಪಣ್ಣ ಕಾಕಾ ಬಾಗಿಲಲ್ಲಿ ನಿಂತು ನನ್ನನ್ನೇ ಅಂದಾಗಲೂ ಬಾಯಿ ಬಿಡಲಿಲ್ಲ. ನೀವು ಊರಲ್ಲಿ ತಲೆ ಎತ್ತಿ ತಿರುಗಲಿ ಎಂದು ಹಾಗೆ ಮಾಡಿದೆನೋ ಏನೋ, ಈಗ ನನಗೇ ತಿಳಿಯುತ್ತಿಲ್ಲ. ಕಾಕಾ ಈ ಭಾನುವಾರ ಮತ್ತೆ ಬರುತ್ತಾರಂತೆ. ಅಷ್ಟರೊಳಗೆ ಅವರಿಗೆ ನೀವೇ ಹೇಳಿ. ಅವರು ಕೇಳಿದರೆ ಈ ಸಲ ನಾನು ಮುಚ್ಚಿಡುವುದಿಲ್ಲ.