ಬೆನ್ನು ತಿರುಗಿಸಿ ನಿಂತವಳು

ಇಂಡಿ
೨೧ ಮೇ ೨೦೨೫

ಪ್ರೀತಿಯ ದಾನೇಶ್ವರಿ,

ನಿನಗೂ ಸಿದ್ದಾರೂಢ ಅವರಿಗೂ ಅಕ್ಕನ ಮನಃಪೂರ್ವಕ ಹಾರೈಕೆ. ಮಲೇಷ್ಯಾದಿಂದ ಬಂದ ಮೇಲೆ ನಿಮ್ಮಲ್ಲಿ ಬಿಟ್ಟಿದ್ದ ನೀಲಾಳನ್ನು ಕರೆತರಲು ಗೊಳಸಂಗಿಗೆ ಬಂದವಳು ನಿಮ್ಮ ಪಡಸಾಲೆಯಲ್ಲಿ ಚಹಾ ಕುಡಿದು ಎದ್ದುಬಿಟ್ಟೆ. ನೀನು ಕೇಳಿದ್ದಕ್ಕೆ ಉತ್ತರ ಕೊಡಲಿಲ್ಲ. ಸಿಟ್ಟಾಗಬೇಡ. ಫೋನು ಎಷ್ಟೋ ಸಲ ಕೈಗೆತ್ತಿಕೊಂಡೆ. ನಿನ್ನ ದನಿ ಕೇಳಿದರೆ ಲಿಂಬೆಯ ದರ, ಬಿಸಿಲು ಎಂದು ಬೇರೆಯೇ ಮಾತು ಹೊರಡುತ್ತದೆ. ಅದಕ್ಕೇ ಈ ಕಾಗದ.

ಜೂನಿನಿಂದ ನೀಲಾ ನಿನ್ನ ಹತ್ತಿರವೇ ಇದ್ದು ಅಲ್ಲಿಯ ಶಾಲೆಗೆ ಹೋಗಲಿ ಎಂದೆಯಲ್ಲ, ಅದು ನ್ಯಾಯವೇ. ಹೆರಿಗೆಯಾದ ಮೇಲೆ ನಿನ್ನ ಮನಸ್ಸಿಗೆ ಏನೋ ಕವಿದು, ಕೂಸನ್ನು ಮುಟ್ಟಲೂ ಹೆದರುತ್ತಿದ್ದೆ. ಸ್ವಲ್ಪ ದಿನ ಬೇರೆ ಇಡಿ ಎಂದು ಡಾಕ್ಟರು ಹೇಳಿದ್ದಕ್ಕೆ ನಾನು ಎತ್ತಿಕೊಂಡು ಬಂದೆ. ಆ ಸ್ವಲ್ಪ ದಿನ ಆರು ವರ್ಷವಾಯಿತು. ಈಗ ನೀನು ಗಟ್ಟಿಯಾಗಿದ್ದೀಯ. ಮಗಳು ನಿನ್ನವಳು. ಎಲ್ಲವನ್ನೂ ಒಪ್ಪುತ್ತೇನೆ. ಒಪ್ಪಿದ ಮೇಲೂ ಬಾಯಿಂದ 'ಹೂಂ' ಯಾಕೆ ಬರುತ್ತಿಲ್ಲವೋ ತಿಳಿಯದು.

ಪ್ರವಾಸದ ಸುದ್ದಿ ಹೇಳುತ್ತೇನೆ. ಲಿಂಬೆ ಬೆಳೆಗಾರರ ಗುಂಪಿನೊಂದಿಗೆ ಹೋದದ್ದು ನಿನಗೆ ಗೊತ್ತು. ತೋಟಗಳನ್ನೆಲ್ಲ ನೋಡಿಯಾದ ಮೇಲೆ ಬೋರ್ನಿಯೋದಲ್ಲಿ ಕಾಡಿನ ಅಂಚಿನ ಒಂದು ಆಶ್ರಯಧಾಮಕ್ಕೆ ಕರೆದುಕೊಂಡು ಹೋದರು. ಅಲ್ಲಿ ತಾಯಿ ಸತ್ತ ಒರಾಂಗುಟಾನ್ ಮರಿಗಳನ್ನು ಸಾಕಿ, ದೊಡ್ಡವಾದ ಮೇಲೆ ಕಾಡಿಗೆ ಬಿಡುತ್ತಾರೆ. ಬಾಲವಿಲ್ಲದ ದೊಡ್ಡ ವಾನರ ಅದು. ಕೆಂಚು ಕೂದಲು, ನೆಲ ಮುಟ್ಟುವಂಥ ತೋಳು. ಕಣ್ಣು ಮಾತ್ರ ನಮ್ಮವೇ. ನೋಡಿದ ಕೂಡಲೇ ಸೆರಗು ಸರಿಮಾಡಿಕೊಂಡೆ, ಯಾರೋ ಹಿರಿಯರನ್ನು ಕಂಡವಳ ಹಾಗೆ.

ಮರಗಳ ನಡುವೆ ಒಂದು ಅಟ್ಟಣಿಗೆ. ಅದರ ಮೇಲೆ ಬಾಳೆಹಣ್ಣು ಇಡುತ್ತಾರೆ. ದಿನವೂ ಅದೇ. ಬೇಕೆಂದೇ ಹಾಗೆ ಮಾಡುತ್ತಾರಂತೆ. ಬೇಸರ ಬಂದರೆ ತಾವೇ ಕಾಡಿನಲ್ಲಿ ಹಣ್ಣು ಹುಡುಕಲು ಕಲಿಯುತ್ತವೆ ಎಂದು ಹಿಂದಿ ಬಲ್ಲ ಗೈಡ್ ಹೇಳಿದ. ನನಗೆ ನಗು ಬಂತು. ನೀಲಾ ಒಂದು ದಿನ ರೊಟ್ಟಿ ಒಲ್ಲೆ ಎಂದರೆ ಸಿಹಿ ಮಾದಲಿ ಮಾಡಲು ಕೂಡುವವಳು ನಾನು.

ಅಷ್ಟರಲ್ಲಿ ಒಂದು ಎಳೆಯ ಹೆಣ್ಣು ವಾನರ ಹಣ್ಣು ಬಿಟ್ಟು, ನೆಲಕ್ಕಿಳಿದು, ನೋಡಿಕೊಳ್ಳುವ ಹೆಂಗಸಿನ ಹತ್ತಿರ ಬಂತು. ಬಂದು ಅವಳ ಬೆರಳು ಹಿಡಿಯಿತು. ಅವಳು ಮೆಲ್ಲಗೆ ಕೈ ಬಿಡಿಸಿಕೊಂಡು, ಬೆನ್ನು ತಿರುಗಿಸಿ, ಕೈಕಟ್ಟಿ ನಿಂತಳು. ಅದು ಅಂಗಿ ಜಗ್ಗಿತು. ತಿರುಗಲಿಲ್ಲ. ಮುಂದೆ ಬಂದು ಮುಖ ನೋಡಲು ಹೋಯಿತು. ಅವಳು ಮತ್ತೆ ಆ ಕಡೆ ತಿರುಗಿದಳು. ನಮ್ಮ ಗುಂಪಿನವರೆಲ್ಲ ಫೋಟೋ ತೆಗೆಯುತ್ತಿದ್ದರು. ಅದು ಸ್ವಲ್ಪ ಹೊತ್ತು ಅವಳ ಕಾಲ ಬುಡದಲ್ಲಿ ಕೂತು, ಆಮೇಲೆ ಮರ ಹತ್ತಿ ಹೋಯಿತು.

ನನಗೆ ಅಳು ತಡೆಯಲಾಗಲಿಲ್ಲ. ನಮ್ಮ ಮನೆಯವರು ನಾಚಿಕೊಂಡು, "ಮಂಗ್ಯಾ ಮರ ಏರಿದ್ರ ಅಳ್ತಾರೇನು?" ಎಂದರು. ಗೈಡನ ಮೂಲಕ ಆ ಹೆಂಗಸನ್ನು ಕೇಳಿದೆ: ಮನುಷ್ಯರ ಹಂಬಲ ಬಿಡಲಿ ಎಂದು ಹೀಗೆ ಮಾಡಿದರೆ ಅದಕ್ಕೆ ಒಳ್ಳೆಯದಾಗುತ್ತದೆಯೇ? ಅವಳು ಗೊತ್ತಿಲ್ಲ ಎಂದಳಂತೆ. ಕೆಲವು ಕಾಡಿಗೆ ಹೋಗಿ ಬದುಕುತ್ತವೆ, ಕೆಲವು ತಿರುಗಿ ಬರುತ್ತವೆ. ಹಾಗೆ ಅವು ಬಂದ ದಿನ ಖುಷಿಗೆ ಮನೆಯಲ್ಲಿ ತಾನು ಹಾಡು ಹೇಳಿಕೊಳ್ಳುತ್ತೇನೆ, ಆಮೇಲೆ ಹಾಡಿದ್ದಕ್ಕೆ ತನ್ನನ್ನೇ ಬೈದುಕೊಳ್ಳುತ್ತೇನೆ ಎಂದಳಂತೆ.

ಅವಳು ಮಾಡಿದ್ದು ಮಾಯೆ-ಮಮತೆಯೋ ಕಲ್ಲುಮನಸ್ಸೋ, ಇಂದಿಗೂ ನನಗೆ ತಿಳಿದಿಲ್ಲ. ನಮ್ಮ ವಿಷಯಕ್ಕೆ ಅದು ಹೊಂದುವುದೂ ಇಲ್ಲ ಬಿಡು. ಆ ಮರಿಗೆ ತಾಯಿ ಇರಲಿಲ್ಲ, ನೀಲಾಗೆ ನೀನಿದ್ದೀಯ. ಅದು ಕಾಡಿಗೆ ಹೋಗಬೇಕು, ಇವಳು ಹೋಗುವುದು ಅವ್ವನ ಮನೆಗೆ. ಹಾಗಾದರೆ ನಾನೇಕೆ ಊರಿಗೆ ಬಂದಾಗಿನಿಂದ ಅವಳ ಜಡೆ ಹಾಕುವಾಗ ಕೈ ಬೇಗ ಬೇಗ ಆಡಿಸುತ್ತೇನೆ? ಮೊನ್ನೆ ತೊಡೆಯ ಮೇಲೆ ಕೂಡಲು ಬಂದರೆ ಕೆಲಸವಿದೆ ಎಂದು ಎದ್ದೆ. ಒಳಗೆ ಹೋಗಿ ನಿಂತರೆ ಕೆಲಸವೇ ಇರಲಿಲ್ಲ. ತಿರುಗಿ ಬಂದು ಎತ್ತಿಕೊಂಡೆ. "ನಿನಗೇನ ಆಗೇತಿ?" ಎಂದು ಕೇಳಿದಳು.

ಜೂನಿನ ಮೊದಲ ಭಾನುವಾರ ಬಂದು ಕರೆದುಕೊಂಡು ಹೋಗು. ಬೇಡ, ನೀನು ಬರಬೇಡ, ನಾವೇ ಬಂದು ಬಿಟ್ಟು ಹೋಗುತ್ತೇವೆ. ಶಾಲೆಗೆ ಹೆಸರು ಹಚ್ಚಲು ಸಿದ್ದಾರೂಢ ಅವರಿಗೆ ಹೇಳು. ಅವಳಿಗೆ ಒಬ್ಬಳೇ ಮಲಗುವ ರೂಢಿಯಿಲ್ಲ, ಪಕ್ಕದಲ್ಲೇ ಮಲಗಿಸಿಕೋ. ನಾನು ದೀಪಾವಳಿವರೆಗೆ ಬರುವುದಿಲ್ಲ. ಬಂದರೂ ಬರಬಹುದು.

ನಿನ್ನ ಮನೆ ಮಗಳ ಮಾತಿನಿಂದ ತುಂಬಿರಲಿ. ನಿನ್ನ ಆರೋಗ್ಯ ಹೀಗೇ ಗಟ್ಟಿಯಾಗಿರಲಿ. ಗುಳಿಗೆ ತಪ್ಪಿಸಬೇಡ.

ನಿನ್ನ ಅಕ್ಕ,
ರಾಜೇಶ್ವರಿ

ಮರೆತ ಮಾತು: ಇಲ್ಲ, ಮರೆತಿರಲಿಲ್ಲ. ಮಾತು ಬಂದಾಗಿನಿಂದ ನೀಲಾ ನನಗೆ 'ಅವ್ವ' ಅನ್ನುತ್ತಿದ್ದಳು, ನಿನಗೆ 'ಚಿಗವ್ವ'. ಗೊಳಸಂಗಿಯಿಂದ ಬಂದ ದಿನ ಅಡುಗೆಮನೆಯ ಬಾಗಿಲಲ್ಲಿ ನಿಂತು, "ದೊಡ್ಡವ್ವಾ, ನೀರ ಕೊಡು" ಅಂದಳು. ಕೊಟ್ಟೆ. ಕುಡಿದು ಆಡಲು ಹೋದಳು. ಅಂದಿನಿಂದ ಹಾಗೇ ಕರೆಯುತ್ತಿದ್ದಾಳೆ, ನಾನೂ ಓ ಅನ್ನುತ್ತಿದ್ದೇನೆ. ನೀನು ಹೇಳಿಕೊಟ್ಟಿದ್ದರೆ ನನಗೆ ಬೇಸರವಿಲ್ಲ ತಂಗಿ. ಅವಳೇ ಯೋಚಿಸಿ ಕರೆದಿದ್ದರೆ, ಅದೊಂದನ್ನು ನನಗೆ ಹೇಳಬೇಡ.