ಸಭೆಗೆ ಬೆನ್ನು ತಿರುಗಿಸಿದ ಭೀಮ

ಹೊಳೆನರಸೀಪುರ, ಶನಿವಾರ

ನೆರೆದ ಮಹಾಜನಗಳೇ, ಕಲಾಭಿಮಾನಿಗಳೇ, ಅಂದರೆ ಮಗಳೇ ರಂಜಿತಾ,

"ಭುಜ ಪೂರ್ತಿ ತಿರುಗ್ಸಪ್ಪ, ಇಲ್ದಿದ್ರೆ ಜೋಡಿ ಪಂದ್ಯಕ್ಕೆ ಬೇರೇರ್ನ ಕರ್ಕತೀನಿ" ಎಂದು ಹಾಸನದ ಗಾಲ್ಫ್ ಮೈದಾನದಲ್ಲಿ ನೀನು ಅಂದದ್ದು ಸರಿಯೇ. ಜನ್ಮವಿಡೀ ಗದೆ ಹಿಡಿದು ಭೀಮನ ಪಾತ್ರ ಮಾಡಿದವನು ನಾನು. ಸಭೆಗೆ ಬೆನ್ನು ಹಾಕಬಾರದೆಂದು ನಾಟಕದ ಮೇಷ್ಟ್ರು ಕಲಿಸಿದ್ದರು. ಹಾಗಾಗಿ ನೋಡುವವರು ಎದುರಿಗಿದ್ದರೆ, ಪೂರ್ತಿ ತಿರುಗಿದರೆ ಅವರಿಗೆ ಬೆನ್ನು ಹಾಕಿದಂತಾಗುತ್ತದೆಂದು ಭುಜ ಅರ್ಧಕ್ಕೇ ನಿಲ್ಲುತ್ತದೆ, ಹೊಡೆಯುವ ಮೊದಲೇ ಮುಖ ಅವರತ್ತ ಏಳುತ್ತದೆ, ಚೆಂಡು ಪೊದೆ ಸೇರುತ್ತದೆ. "ನೋಡೋರಿಲ್ದೆ ಆಡಕ್ಕಾಯ್ತದಾ ನಿಮ್ಗೆ?" ಎಂದು ನಿನ್ನಮ್ಮ ಕೇಳಿದಳು.

ಒಂದು ವಾರ ಯಾರನ್ನೂ ಜೋಡಿಗೆ ಕರೆಯಬೇಡ. ನೋಡಲು ನೀನೂ ಬರಬೇಡ. ನಾಳೆ ಬೆಳಗ್ಗೆ ಹೊಳೆದಂಡೆಯಲ್ಲಿ ಒಬ್ಬನೇ ನಿಂತು, ಚೆಂಡಿನ ಮೇಲೇ ಕಣ್ಣಿಟ್ಟು, ಮೆಲ್ಲಗೆ ಬೀಸಿ ನೋಡುತ್ತೇನೆ.

ಇಂತಿ,
ನಿನ್ನಪ್ಪ ಗೌರೀಶಂಕರ