ಹೆಸರು ಕೇಳುವ ಪಾಠ

ಮುದ್ದೇಬಿಹಾಳ
೬ ಜುಲೈ ೨೦೨೫, ಭಾನುವಾರ

ನಮ್ಮ ಮನೆಯವರಿಗೆ,

ನಿಮ್ಮ ರಾಜೇಶ್ವರಿಯ ಶರಣು. ಕ್ಷೇಮ ಎಂದು ಬರೆದರೆ ಅರ್ಧ ಸುಳ್ಳು, ಕ್ಷೇಮವಿಲ್ಲ ಎಂದು ಬರೆದರೆ ನೀವು ಹೆದರುತ್ತೀರಿ. ಅದಕ್ಕೆ ಆ ಸಾಲನ್ನೇ ಬಿಟ್ಟು ಮುಂದೆ ಹೋಗುತ್ತೇನೆ. ಫೋನ್ ಮಾಡಬಹುದಿತ್ತಲ್ಲ ಎನ್ನಬೇಡಿ. ಫೋನ್ ಹಚ್ಚಿದರೆ ಮೊದಲು ನೀವು ಸುಮ್ಮನಾಗುತ್ತೀರಿ, ಆಮೇಲೆ ನಾನು ಸಿಟ್ಟಿಗೇಳುತ್ತೇನೆ, ಕೊನೆಗೆ ಇಬ್ಬರೂ ಊಟ ಆಯಿತೇ ಎಂದು ಕೇಳಿ ಇಟ್ಟುಬಿಡುತ್ತೇವೆ. ಪತ್ರವಾದರೆ ನಡುವೆ ಇಡಲು ಬರುವುದಿಲ್ಲ, ಪೂರ್ತಿ ಓದಲೇಬೇಕು.

ಮೊನ್ನೆ ನಿಮ್ಮ ತಮ್ಮ ಅನಿಲ ಬಂದಿದ್ದ. ಬಸವನ ಬಾಗೇವಾಡಿಗೆ ಯಾರದೋ ಪಂಪ್‌ಸೆಟ್ಟಿನ ಮೋಟಾರು ಮುಟ್ಟಿಸಲು ಬಂದವನು, ಅಲ್ಲಿಂದ ಬಸ್ ಹತ್ತಿ ಇಲ್ಲಿಯವರೆಗೂ ಬಂದ. ಚಹಾ ಕುಡಿದ, ನನ್ನ ಕೋಣೆಯನ್ನು ಮೇಲಿಂದ ಕೆಳಗೆ ನೋಡಿದ, ಬಹಳ ಹೊತ್ತು ತನ್ನ ಕಾಲಿನ ಹೆಬ್ಬೆರಳು ನೋಡುತ್ತ ಕುಳಿತ. ಆಮೇಲೆ ನೀವು ಹೇಳಿಕಳಿಸಿದ್ದನ್ನು ಒಂದೇ ಉಸಿರಿನಲ್ಲಿ ಹೇಳಿದ. "ವೈನಿ, ಶ್ರಾವಣದೊಳಗ ನೌಕರಿ ಬಿಟ್ಟು ಸಿಂದಗಿಗೆ ಬರಬೇಕಂತ. ಇಲ್ಲಾಂದ್ರ ಹಿರ್‍ಯಾರ್ನ ಕೂಡ್ಸಿ ಬಿಡುಗಡಿ ಮಾಡ್ಕೊಳ್ಳೂಣು ಅಂತಾನ ಅಣ್ಣ." ಪಾಪ, ಬಸ್ಸಿನುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದನೆಂದು ಕಾಣುತ್ತದೆ. ನಾನು ಬುತ್ತಿ ಕಟ್ಟಿಕೊಟ್ಟು ಕಳಿಸಿದೆ. ನಾಳೆ ಮತ್ತೆ ಈ ಕಡೆ ಬರುತ್ತಾನಂತೆ. ಈ ಪತ್ರ ಅವನ ಕೈಯಲ್ಲೇ ಬರುತ್ತದೆ, ಉತ್ತರವೂ ಇದರಲ್ಲೇ ಇದೆ.

ಉತ್ತರಕ್ಕೆ ಮೊದಲು ಒಂದು ಕೇಳುತ್ತೇನೆ. ಆ ಫೋನಿನ ದಿನಗಳು ನಿಮಗೆ ನೆನಪಾಗುವುದೇ ಇಲ್ಲವೇ? ನನಗೆ ನೆನಪಾಗದ ದಿನವಿಲ್ಲ. ಲಾಕ್‌ಡೌನಿನಲ್ಲಿ ಬಾಗಿಲು ಹಾಕಿದ ಸೀರೆ ಅಂಗಡಿ ಮತ್ತೆ ತೆರೆಯದೇ ಹೋದಾಗ, ಕೌಂಟರಿನ ಮೇಲೆ ಸೀರೆ ಹರವಿ ಮಡಚಿ ರೂಢಿಯಾದ ನನ್ನ ಕೈ ಖಾಲಿ ಕುಳಿತಾಗ, ನರ್ಸಿಂಗ್ ಕಲಿ ಎಂದವರು ನೀವೇ. ಈ ವಯಸ್ಸಿನಲ್ಲಿ ಯಾರು ಸೇರಿಸಿಕೊಳ್ಳುತ್ತಾರೆ ಎಂದು ನಾನು ನಕ್ಕರೆ, "ಪಿಯುಸಿ ಪಾಸ್ ಆಗಿಯಲ್ಲ, ಮತ್ತೇನ್ ಬೇಕ? ಗಿರಾಕಿ ಸಂಭಾಳಿಸಿದಾಕಿಗೆ ಪೇಶಂಟ್ ಸಂಭಾಳಿಸೋದು ಯಾವ ದೊಡ್ಡ ಮಾತು" ಎಂದು ನೀವೇ ವಿಜಯಪುರಕ್ಕೆ ಕರೆದುಕೊಂಡು ಹೋಗಿ ಕಾಲೇಜಿನಲ್ಲಿ ಹೆಸರು ಹಚ್ಚಿದಿರಿ.

ಮೊದಲ ವರ್ಷದ ಪಾಠ ಹೆಚ್ಚುಕಡಿಮೆ ಪೂರ್ತಿ ಫೋನಿನಲ್ಲೇ ಆಯಿತು. ನೆಟ್‌ವರ್ಕ್ ಸಿಗುತ್ತಿದ್ದದ್ದು ನಿಮ್ಮ ಮೋಟಾರು ಕಟ್ಟುವ ಅಂಗಡಿಯ ಹಿಂದಿನ ಕೋಣೆಯಲ್ಲಿ ಮಾತ್ರ. ಜೋಳದ ಚೀಲಕ್ಕೆ ಫೋನ್ ಆನಿಸಿ ನಾನು ಕುಳಿತರೆ, ಕ್ಯಾಮೆರಾಕ್ಕೆ ಕಾಣದ ಹಾಗೆ ಪಕ್ಕದಲ್ಲಿ ನೀವು ಸುಟ್ಟ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುತ್ತ ಕೂಡುತ್ತಿದ್ದಿರಿ. ಕಾಲೇಜಿನ ಹುಡುಗಿಯರು ನನ್ನನ್ನು ಆಂಟಿ ಎಂದಾಗಲೆಲ್ಲ ಬಾಯಿಗೆ ಅರಿವೆ ಹಿಡಿದು ನಗುತ್ತಿದ್ದಿರಿ. ಹೃದಯದ ನಾಲ್ಕು ಕೋಣೆಗಳ ಲೆಕ್ಕ ನನಗಿಂತ ಮೊದಲು ತಿಳಿದದ್ದು ನಿಮಗೆ. "ಇದೂ ಒಂದ್ ಪಂಪ್‌ಸೆಟ್ಟೇ ಬಿಡ, ವಾಲ್ವ್ ಕೆಟ್ರ ನೀರು ಹಿಂದಕ್ಕ ಬರ್ತೈತಿ" ಎಂದಿರಿ. ಪರೀಕ್ಷೆಯಲ್ಲಿ ನಾನು ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆದು ಪಾಸಾದೆ.

ಬಿಪಿ ನೋಡುವುದನ್ನು ನಿಮ್ಮ ತೋಳಿನ ಮೇಲೆ ಕಲಿತೆ. ಇಂಜೆಕ್ಷನ್ ಹಾಕುವುದನ್ನು ಬದನೆಕಾಯಿಯ ಮೇಲೆ ಕಲಿತೆ. ಹೊಸ ಸಿರಿಂಜಿನಲ್ಲಿ ಕುಡಿಯುವ ನೀರು ತುಂಬಿ, ಮೇಡಂ ಹೇಳಿದ ಕೋನಕ್ಕೆ ಸೂಜಿ ಹಿಡಿದು ಚುಚ್ಚುತ್ತಿದ್ದೆ. ಸಂಜೆ ಅವೇ ಬದನೆಕಾಯಿಯ ಎಣ್ಣೆಗಾಯಿ. ತಾಟಿನ ಮುಂದೆ ಕುಳಿತು, ಇವತ್ತಿನ ಪೇಶಂಟ್ ಬಹಳ ರುಚಿಯಾಗಿದ್ದಾನೆ ಎಂದು ನೀವು ಹೇಳಿದ್ದಕ್ಕೆ ನನಗೆ ನೆತ್ತಿಗೆ ಹತ್ತಿತ್ತು. ನೀವು ಬೆನ್ನು ತಟ್ಟಿ ನೀರು ಕುಡಿಸಿದಿರಿ. ಇಲ್ಲಿ ನಾನು ಬದನೆಕಾಯಿ ತರುವುದನ್ನೇ ಬಿಟ್ಟಿದ್ದೇನೆ.

ಆಮೇಲೆ ತರಬೇತಿಗೆಂದು ವಿಜಯಪುರದ ಆಸ್ಪತ್ರೆಯ ವಾರ್ಡಿಗೆ ಹೋದೆ. ಫೋನಿನ ಪಾಠ ಎಷ್ಟು ಉಪಯೋಗಕ್ಕೆ ಬಂತು ಎಂದು ನೀವು ಯಾವತ್ತೂ ಕೇಳಲಿಲ್ಲ, ನಾನೇ ಹೇಳುತ್ತೇನೆ. ಯಾವ ಔಷಧಿ ಯಾಕೆ, ಯಾವುದರ ನಂತರ ಯಾವುದು, ಕೈ ಎಷ್ಟು ಸಲ ತೊಳೆಯಬೇಕು, ಇದೆಲ್ಲ ಗಟ್ಟಿಯಾಗಿ ತಲೆಯಲ್ಲಿತ್ತು. ಆದರೆ ಜ್ಞಾನ ತಪ್ಪಿದ ಮನುಷ್ಯನ ತೂಕ ಎಷ್ಟಿರುತ್ತದೆ ಎಂದು ಫೋನು ಹೇಳಿರಲಿಲ್ಲ. ಹುಣ್ಣಿನ ವಾಸನೆ ಅದರಿಂದ ಬಂದಿರಲಿಲ್ಲ. ವಿಡಿಯೋದಲ್ಲಿ ತಪ್ಪಿದರೆ ಹಿಂದಕ್ಕೆ ಸರಿಸಿ ಮತ್ತೆ ನೋಡಬಹುದಿತ್ತು, ವಾರ್ಡಿನಲ್ಲಿ ರೋಗಿಗಳು ನೋವಿನಿಂದ ನನ್ನ ಮಣಿಕಟ್ಟು ಹಿಡಿದುಬಿಡುತ್ತಿದ್ದರು. ಮೊದಲ ವಾರ ಬಾತ್‌ರೂಮಿಗೆ ಹೋಗಿ ಅತ್ತೆ. ನನ್ನನ್ನು ಉಳಿಸಿದ್ದು ಸೀರೆ ಅಂಗಡಿ. ಬೇಡ ಬೇಡ ಎನ್ನುವ ಗಿರಾಕಿಯ ಕಣ್ಣು ಯಾವ ಸೀರೆಯ ಮೇಲಿದೆ ಎಂದು ಗುರುತಿಸುತ್ತಿದ್ದ ಹಾಗೆ, ಏನೂ ನೋವಿಲ್ಲ ಎನ್ನುವ ಮುದುಕಿಯ ಕೈ ಎಲ್ಲಿ ಹೋಗುತ್ತದೆ ಎಂದು ನೋಡಲು ನನಗೆ ಬರುತ್ತಿತ್ತು. ಹುಡುಗಿಯರು ಆಂಟಿಯ ಹಿಂದೆ ಹಿಂದೆ ಬರತೊಡಗಿದರು.

ನೀವು ಹೇಳದೆ ಕೇಳದೆ ವಿಜಯಪುರಕ್ಕೆ ಬಂದದ್ದು ಆ ದಿನಗಳಲ್ಲೇ. ವಾರ್ಡಿನ ಬಾಗಿಲವರೆಗೆ ಬಂದಿರಿ. ಒಳಗೆ ನಾನು, ಬೆನ್ನುಹುರಿಗೆ ಪೆಟ್ಟಾಗಿ ಮಲಗಿದ್ದ ಒಬ್ಬ ಗಂಡಸಿನ ಮೈ ಒರೆಸುತ್ತಿದ್ದೆ. ಪರದೆ ಸರಿಯಾಗಿ ಎಳೆದಿರಲಿಲ್ಲ. ತಲೆ ಎತ್ತಿದಾಗ ನಿಮ್ಮ ಬೆನ್ನು ಮಾತ್ರ ಕಂಡಿತು. ಕೈ ತೊಳೆದು ಓಡಿಬಂದರೆ ವಾಚ್‌ಮನ್ ಹತ್ತಿರ ಬುತ್ತಿಯ ಡಬ್ಬಿ ಇತ್ತು, ನೀವು ಇರಲಿಲ್ಲ. ಆ ಸಂಜೆ ಫೋನಿನಲ್ಲಿ ನೀವು ಒಂದೇ ಮಾತು ಹೇಳಿದಿರಿ. "ಇದು ಫೋನಿನಾಗ ಇರಲಿಲ್ಲಲ್ಲ." ನಾನು ಬಾಯಿಗೆ ಬಂದದ್ದು ಅಂದುಬಿಟ್ಟೆ. ಅಂದಿನಿಂದ ನಾನು ಸಿಂದಗಿಗೆ ಬಂದಾಗಲೆಲ್ಲ ನೀವು ಅಂಗಡಿಯಲ್ಲೇ ಊಟ ತರಿಸಿಕೊಂಡಿರಿ. ಕೋರ್ಸು ಮುಗಿದು ಇಲ್ಲಿಯ ಆಸ್ಪತ್ರೆಯಲ್ಲಿ ನೌಕರಿ ಸಿಕ್ಕಾಗ, ಬಸ್ಸಿನ ಕಿಟಕಿಯಲ್ಲಿ ಚೀಲ ಕೊಟ್ಟು, ಬಸ್ ಹೊರಡುವ ಮೊದಲೇ ತಿರುಗಿ ಹೋದಿರಿ.

ಇವತ್ತು ಸಿಟ್ಟಿಲ್ಲದೆ ಹೇಳುತ್ತೇನೆ. ಅದು ಫೋನಿನಲ್ಲಿ ಇತ್ತು. ಮೈ ಒರೆಸುವ ಪಾಠವನ್ನು ನಾವಿಬ್ಬರೂ ಕೂಡಿಯೇ ನೋಡಿದ್ದೆವು. ಅಲ್ಲಿ ರಬ್ಬರಿನ ಗೊಂಬೆ ಮಲಗಿತ್ತು, ನೀವು ಅದರ ತಲೆಗೂದಲು ನೋಡಿ ನಕ್ಕಿರಿ. ಗೊಂಬೆಯ ಜಾಗದಲ್ಲಿ ಮನುಷ್ಯ ಬರುತ್ತಾನೆಂದು ನಿಮಗೂ ಹೊಳೆಯಲಿಲ್ಲ, ನಿಜ ಹೇಳಬೇಕೆಂದರೆ ನನಗೂ ಹೊಳೆಯಲಿಲ್ಲ. ನನಗೆ ಒಗ್ಗಿಸಿಕೊಳ್ಳಲು ವಾರ್ಡು ಸಿಕ್ಕಿತು. ನಿಮಗೆ ಯಾರೂ ಏನೂ ಕಲಿಸಲಿಲ್ಲ, ಬಾಗಿಲಲ್ಲಿ ಒಂದು ಗಳಿಗೆ ನಿಂತು ನೋಡಿದ್ದಷ್ಟೇ. ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ಇಷ್ಟು ದಿನ ಹಿಡಿಯಿತು.

ಈಗ ಕಳೆದ ವಾರ ಆದದ್ದನ್ನು ಕೇಳಿ. ಇದನ್ನು ನಿಮಗೆ ಹೇಳದೆ ಇರಲಾರದೆ ಮೂರು ಸಲ ಫೋನ್ ಎತ್ತಿ ಇಟ್ಟಿದ್ದೇನೆ.

ರಜೆ ಮುಗಿಸಿ ಬೆಳಗಿನ ಡ್ಯೂಟಿಗೆ ಹೋಗಿದ್ದೆ. ವಾರ್ಡಿನಲ್ಲಿ ಹೊಸ ಮುಖಗಳು. ಫ್ಯಾನಿನ ಕೆಳಗಿನ ಮಂಚಕ್ಕೆ ತೂಗುಹಾಕಿದ ಚಾರ್ಟಿನಲ್ಲಿ ಕಾಳಪ್ಪ ಎಂದಿತ್ತು, ಸಕ್ಕರೆ ಕಾಯಿಲೆ, ನಾಷ್ಟಾಕ್ಕೆ ಮೊದಲು ಇನ್ಸುಲಿನ್. ಸಿರಿಂಜು ತುಂಬಿಕೊಂಡು ಹೋದೆ. ಮಂಚದ ಮೇಲಿನ ಅಜ್ಜನಿಗೆ ಮಾತಿಲ್ಲ, ಸುಮ್ಮನೆ ನೋಡುತ್ತಿದ್ದ. ಪಕ್ಕದಲ್ಲಿ ಅವನ ಹೆಂಡತಿ ಮರೆವ್ವ ಕುಳಿತಿದ್ದಳು. ಯಜಮಾನರ ಹೆಸರೇನು ಎಂದು ಕೇಳಿದೆ. ಆಕೆ ಸೆರಗು ಬಾಯಿಗೆ ಹಿಡಿದು ಚಾರ್ಟು ತೋರಿಸಿದಳು. "ಅದರಾಗ ಬರದಾರಲ್ರಿ ಯವ್ವಾ." ಹೌದಲ್ಲ, ಬರೆದಿದ್ದಾರೆ ಎಂದು ಸೂಜಿ ಹಾಕಲು ಅಜ್ಜನ ಅಂಗಿಯ ಅಂಚು ಎತ್ತಿಯೇಬಿಟ್ಟೆ.

ಅಷ್ಟರಲ್ಲಿ ನಮ್ಮ ಫೋನಿನ ಪಾಠ ನೆನಪಾಯಿತು. ಹೆಸರನ್ನು ನೀವು ಓದಿ ಹೇಳಬೇಡಿ, ಅವರ ಬಾಯಿಂದಲೇ ಹೇಳಿಸಿ, ಆಮೇಲೆ ಚಾರ್ಟಿನೊಡನೆ ಕೂಡಿಸಿ ನೋಡಿ. ಆ ವಿಡಿಯೋದಲ್ಲಿ ಬಿಳಿ ದಿಂಬಿನ ಮೇಲೆ ಮಲಗಿದ ಮನುಷ್ಯ ನಗುತ್ತ ತನ್ನ ಹೆಸರು, ಹುಟ್ಟಿದ ತಾರೀಖು ಎಲ್ಲ ಪಟಪಟ ಹೇಳಿದ್ದ. ಆಗ ನೀವು ತಂತಿ ಸುತ್ತುವುದನ್ನು ನಿಲ್ಲಿಸಿ ಏನು ಹೇಳಿದಿರಿ, ನೆನಪಿದೆಯೇ? "ಇದು ನಮ್ಮ ಕಡಿ ನಡಿಯಂಗಿಲ್ಲ. ಗಂಡಗ ಮಾತು ಹೋಗಿರ್ತೈತಿ, ಹೆಂಡ್ತಿ ಹೆಸರು ಹೇಳಂಗಿಲ್ಲ. ಲಗ್ನದಾಗಿನಂಗ ಒಡಪು ಕಟ್ಟಿ ಹೆಸರು ಹೇಳಾಕ ಹಚ್ಚಬೇಕು." ಅವತ್ತು ಕ್ಯಾಮೆರಾ ಮುಂದೆ ನನಗೆ ನಗು ತಡೆಯಲಾಗದೆ ಮೇಡಂ ಬೈದಿದ್ದರು.

ಸಿರಿಂಜು ತಾಟಿನಲ್ಲಿಟ್ಟೆ. ಆಯಿ, ನೀವೇ ಹೇಳಬೇಕು, ಇಲ್ಲದಿದ್ದರೆ ಸೂಜಿ ಹಾಕುವುದಿಲ್ಲ ಎಂದೆ. ಆಚೆ ಮಂಚಗಳ ಪಕ್ಕ ಕುಳಿತಿದ್ದ ಹೆಂಗಸರೆಲ್ಲ, "ಗಂಡನ ಹೆಸರು ಹೆಂಗ ಹೇಳ್ತಾಳ್ರಿ ಸಿಸ್ಟರ್" ಎಂದು ನಗತೊಡಗಿದರು. ಹಾಗಾದರೆ ಮದುವೆಯಲ್ಲಿ ಪ್ರಾಸದೊಳಗೆ ಹೆಸರು ಕೂಡಿಸಿ ಹೇಳಿದ ಹಾಗೆ ಒಡಪು ಹಾಕಿ ಎಂದೆ. ಆಕೆ ಗಂಡನ ಮುಖ ನೋಡಿದಳು. ಆಮೇಲೆ ಸೆರಗು ತಲೆಯ ಮೇಲೆ ಎಳೆದುಕೊಂಡು ಹೇಳಿದಳು:

"ಎರಿ ಹೊಲದಾಗ ಬಿಳಿಜ್ವಾಳದ ತೆನಿ ಒಪ್ಪ,
ಮಾತು ಬಿಟ್ಟು ಮಲಗ್ಯಾರ ನನ್ನ ರಾಯ ಮಾನಪ್ಪ."

ಮಾನಪ್ಪ! ಮತ್ತೊಮ್ಮೆ ನೋಡಿದೆ. ಚಾರ್ಟಿನಲ್ಲಿರುವುದು ಕಾಳಪ್ಪ. ವಿಚಾರಿಸಿದರೆ, ಲಕ್ವಾ ಹೊಡೆದು ಮಲಗಿದ ಅಜ್ಜನಿಗೆ ಸೆಕೆಯಾಗುತ್ತದೆಂದು ಕಾಳಪ್ಪನವರೇ ಫ್ಯಾನಿನ ಕೆಳಗಿನ ತಮ್ಮ ಮಂಚ ಬಿಟ್ಟುಕೊಟ್ಟಿದ್ದರು. ನಮ್ಮ ಜನ ಹೀಗೇ, ಉಪಕಾರ ಮಾಡುತ್ತಾರೆ, ನರ್ಸಿಗೆ ಹೇಳುವುದಿಲ್ಲ. ಮನುಷ್ಯರು ಅದಲುಬದಲಾಗಿದ್ದರು, ಚಾರ್ಟು ಮಂಚದಲ್ಲೇ ಉಳಿದಿತ್ತು. ಕಾಳಪ್ಪನವರು ಮುಖ ತೊಳೆಯಲು ಹೋಗಿದ್ದರು. ಸಕ್ಕರೆ ಕಾಯಿಲೆಯೇ ಇಲ್ಲದ, ಬಾಯಿಬಿಟ್ಟು ಏನೂ ಹೇಳಲಾಗದ ಮಾನಪ್ಪಜ್ಜನಿಗೆ ನಾನು ಆ ಸೂಜಿ ಹಾಕಿದ್ದರೆ ಮೈಯ ಸಕ್ಕರೆ ಇಳಿದು ಏನಾಗುತ್ತಿತ್ತೆಂದು ನಿಮಗೂ ಗೊತ್ತು, ಆ ಪಾಠವನ್ನೂ ನೀವು ಕೇಳಿದ್ದೀರಿ.

ಚಾರ್ಟು ಬದಲಿಸಿ, ಡಾಕ್ಟರಿಗೆ ತಿಳಿಸಿ, ಮತ್ತೆ ಬಂದಾಗ ಅಜ್ಜನ ಕಣ್ಣಲ್ಲಿ ನೀರಿತ್ತು. ಎಲ್ಲಿಯಾದರೂ ನೋವೇ ಎಂದು ಕೇಳಿದೆ. ಮರೆವ್ವನೇ ಉತ್ತರ ಕೊಟ್ಟಳು. "ಲಗ್ನದಾಗ ಒಮ್ಮಿ ನಾ ಇವರ ಹೆಸರು ಹೇಳಿದ್ದೆರಿ. ಇವತ್ತ ಮತ್ತ ಕೇಳ್ಯಾರ." ಅಜ್ಜ ಸ್ವಾಧೀನವಿದ್ದ ಒಂದು ಕೈಯಿಂದ ಆಕೆಯ ಸೆರಗು ಹಿಡಿದುಕೊಂಡು ಹಾಗೇ ಮಲಗಿದ್ದ. ನಾನು ಹೊರಗೆ ಬಂದು ನೀರಿನ ಟ್ಯಾಂಕಿನ ಹಿಂದೆ ನಿಂತೆ. ನಿಮ್ಮ ನೆನಪು ಬಂದ ಬಗೆಯನ್ನು ಏನೆಂದು ಬರೆಯಲಿ? ಎಲ್ಲರೂ ನನ್ನನ್ನು ಹೊಗಳಿದರು. ಅಲ್ಲಿ ಕೆಲಸ ಮಾಡಿದ್ದು ಅರ್ಧ ನಾನು, ಅರ್ಧ ನೀವು ಎಂದು ಯಾರಿಗೆ ಹೇಳಲಿ?

ಈಗ ಉತ್ತರ. ನೌಕರಿ ಬಿಡುವುದಿಲ್ಲ. ಶ್ರಾವಣಕ್ಕೂ ಬಿಡುವುದಿಲ್ಲ, ದೀಪಾವಳಿಗೂ ಬಿಡುವುದಿಲ್ಲ. ಗಂಡಸರ ಮೈ ಒರೆಸುವುದನ್ನೂ ಬಿಡುವುದಿಲ್ಲ, ಅವರಿಗೆ ಬೇರೆ ಯಾರಿದ್ದಾರೆ? ಆದರೆ ನೀವಿಲ್ಲದ ಕೋಣೆಗೆ ಬೀಗ ತೆಗೆದು ಹೋಗುವುದು ನನಗೆ ಯಾವ ಡ್ಯೂಟಿಗಿಂತಲೂ ಕಷ್ಟ. ಬಿಡುಗಡೆ ಬೇಕಾದರೆ ಅನಿಲನನ್ನು ಕಳಿಸಬೇಡಿ, ಹಿರಿಯರನ್ನೂ ಕೂಡಿಸಬೇಡಿ. ನೀವೇ ಬಂದು ನನ್ನ ಮುಖ ನೋಡಿ ಹೇಳಿ. ಬರುವುದಾದರೆ ಒಂದು ದಿನ ವಾರ್ಡಿನ ಬಾಗಿಲು ದಾಟಿ ಒಳಗೆ ಬನ್ನಿ, ಮರೆವ್ವನ ಪಕ್ಕ ಕುಳಿತು ನಾನು ಏನು ಮಾಡುತ್ತೇನೆಂದು ಪೂರ್ತಿ ನೋಡಿ. ಆಮೇಲೆ ನಿಮ್ಮ ಮನಸ್ಸಿಗೆ ಬಂದದ್ದು ಮಾಡಿ. ನೀವು ಬರದಿದ್ದರೂ ನನ್ನ ಅನ್ನಕ್ಕೇನೂ ಕೊರತೆಯಿಲ್ಲ, ನಾನು ಕಾಯುತ್ತ ಕೂಡುವವಳಲ್ಲ.

ತಂತಿ ಸುತ್ತುವಾಗ ಕನ್ನಡಕ ಹಾಕಿಕೊಳ್ಳಿ. ಬಿಪಿ ತೋರಿಸಿಕೊಳ್ಳಿ, ನಿಮ್ಮ ತೋಳಿಗೆ ಪಟ್ಟಿ ಸುತ್ತುವವರು ಯಾರೂ ಇಲ್ಲವೆಂದು ಗೊತ್ತು.

ಇಂತಿ ನಿಮ್ಮವಳೇ ಆದ,
ರಾಜೇಶ್ವರಿ

ತಾ.ಕ.: ಇದನ್ನು ಬರೆಯಬಾರದೆಂದಿದ್ದೆ. ಕಾಯುವವಳಲ್ಲ ಎಂದದ್ದು ಸುಳ್ಳು. ಇಲ್ಲಿ ಬಸ್ ನಿಲ್ದಾಣದ ಹಿಂದೆ ಒಂದು ಮಳಿಗೆ ಖಾಲಿಯಾಗಿದೆ. ಸುತ್ತಲೂ ಬೋರ್‌ವೆಲ್ ಇರುವ ಹೊಲಗಳು, ಮೋಟಾರು ಸುಟ್ಟರೆ ಜನ ದೂರ ಹೊತ್ತುಕೊಂಡು ಹೋಗುತ್ತಾರೆ. ಸಿಂದಗಿಯ ಅಂಗಡಿಯನ್ನು ಅನಿಲ ನೋಡಿಕೊಳ್ಳಬಲ್ಲ, ಮೊನ್ನೆ ಬುತ್ತಿ ಕಟ್ಟುವಾಗ ಬಾಯಿಬಿಡಿಸಿ ಕೇಳಿದ್ದೇನೆ. ಅವನು ಬಂದು ಹೋದ ಮರುದಿನವೇ ಮಳಿಗೆಯ ಮಾಲೀಕರಾದ ಗುರುಲಿಂಗಪ್ಪನವರ ಹತ್ತಿರ ಹೋಗಿ, ಅದು ನಮಗೆ ಬೇಕು, ಬೇರೆಯವರಿಗೆ ಕೊಡಬೇಡಿ ಎಂದೆ. ಯಾರ ಹೆಸರಿಗೆ ಎಂದು ಕೇಳಿದರು. ಕಟ್ಟೆಯ ತುಂಬ ಗಂಡಸರು ಕುಳಿತಿದ್ದರು. ಒಡಪು ಗಿಡಪು ಏನೂ ಹಾಕದೆ ಕಲ್ಮೇಶ ಎಂದೆ. ಅವರಿಗೆ ಒಂದೇ ಸಲಕ್ಕೆ ಕೇಳಿಸಿತ್ತು, ಆದರೂ ನಾನು ಎರಡನೆಯ ಸಲ ಹೇಳಿದೆ.